ಗಣಿಯ ಮುದುಕರು ಪಿಯಾನೋ ಕೇಳಿದ ದಿನ

ಮೊಮ್ಮಗಳಿಗೆ ಸೀಟು ಸಿಗಲಿಲ್ಲ. ಮೊದಲೇ ಹೇಳಿಬಿಡುತ್ತೇನೆ, ಕೊನೆಯಲ್ಲಿ ಓದುವವರಿಗೆ ಮೋಸ ಆಯಿತು ಅನ್ನಿಸಬಾರದು. ಆದರೂ ನನಗೆ ಹಿಡಿಸಲಾರದಷ್ಟು ಸಂತೋಷ. ಬೂದಿಕೋಟೆ ಬಸ್ಸಿನಲ್ಲಿ ಪಕ್ಕ ಕೂತವರಿಗೆಲ್ಲ ಹೇಳಿ ಮುಗಿಸಿದ್ದೇನೆ, ಡೈರಿಗೆ ಹಾಲು ಹಾಕಲು ಹೋದಾಗ ಹೇಳಿದ್ದೇನೆ, ಹಾಲು ಕರೆಯುವಾಗ ಹಸುವಿಗೂ ಹೇಳಿದ್ದೇನೆ. ಸೀಟು ತಪ್ಪಿದ್ದಕ್ಕೆ ಹೀಗೆ ಹಿಗ್ಗುವ ಅಜ್ಜಿಯನ್ನು ನೋಡಿ ಜನ ನಗುತ್ತಾರೆ. ನಗಲಿ. ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ.

ನನ್ನದು ಆಯಾ ಕೆಲಸ. ಕೆ.ಜಿ.ಎಫ್‌ನಲ್ಲಿ, ಚಿನ್ನದ ಗಣಿಯಲ್ಲಿ ದುಡಿದು ಎದೆ ಕೆಡಿಸಿಕೊಂಡವರನ್ನು ನೋಡಿಕೊಳ್ಳುವ ಒಂದು ಆರೈಕೆ ಮನೆ ಇದೆ. ಕಲ್ಲಿನ ಧೂಳು ಉಸಿರಿನ ಜೊತೆ ಒಳಗೆ ಹೋಗಿ ಕೂತು, ಶ್ವಾಸಕೋಶವನ್ನೇ ಗಟ್ಟಿ ಮಾಡುವ ಕಾಯಿಲೆ. ಗಣಿ ಮುಚ್ಚಿ ಎಷ್ಟೋ ವರ್ಷವಾಯಿತು, ಧೂಳು ಮಾತ್ರ ಇವರೊಳಗೆ ಇನ್ನೂ ಕೆಲಸ ಮಾಡುತ್ತಿದೆ. ವಾಸಿಯಾಗುವ ಮದ್ದಿಲ್ಲ. ಉಸಿರು ಸ್ವಲ್ಪ ಸಲೀಸಾಗುವಂತೆ ಮಾಡಬಹುದು, ಅಷ್ಟೇ.

ಆ ಸಲೀಸು ಮಾಡುವ ಕೆಲಸ ಸಿಸ್ಟರದ್ದು, ನನ್ನದು. ಬೆಳಿಗ್ಗೆ ತಿಂಡಿಗೆ ಮುಂಚೆ ಒಬ್ಬೊಬ್ಬರನ್ನೇ ದಿಂಬಿನ ಮೇಲೆ ಬೋರಲು ಬಾಗಿಸಿ ಕೂರಿಸಿ ಬೆನ್ನು ತಟ್ಟುತ್ತೇನೆ. ಅಂಗೈಯನ್ನು ಬಟ್ಟಲಿನ ಹಾಗೆ ಗುಳಿ ಮಾಡಿಕೊಂಡು, ಪಕ್ಕೆಯ ಕೆಳಗಿನಿಂದ ಮೇಲಕ್ಕೆ ತಟ್ಟುತ್ತ ಬರಬೇಕು. ಕೈ ಚಪ್ಪಟೆಯಾದರೆ ನೋವಾಗುತ್ತದೆ, ಕಫ ಬಿಡುವುದಿಲ್ಲ. ಬೆನ್ನುಮೂಳೆ ಮುಟ್ಟಬಾರದು. ಕಫ ಬಿಟ್ಟು ಮೇಲೆ ಬಂದಾಗ ಉಗುಳುವ ಡಬ್ಬ ಹಿಡಿಯಬೇಕು, ಬಣ್ಣ ನೋಡಬೇಕು, ಕೆಂಪು ಕಂಡರೆ ಸಿಸ್ಟರನ್ನು ಕರೆಯಬೇಕು.

ವಾರ್ಡಿನಲ್ಲಿ ಹೆಸರು ಹಿಡಿದು ಕರೆಯುವ ರೂಢಿ ಇಲ್ಲ, ಹಳೆಯ ಕೆಲಸ ಹಿಡಿದೇ ಕರೆಯುತ್ತೇವೆ. ಸುರಂಗದ ಚಾವಣಿ ಕುಸಿಯದಂತೆ ಮರದ ಕಂಬ ನಿಲ್ಲಿಸುತ್ತಿದ್ದವರು ಟಿಂಬರ್ ತಾತ. ಜನರನ್ನು ಇಳಿಸಿ ಏರಿಸುವ ಕಬ್ಬಿಣದ ಪಂಜರದ ಹತ್ತಿರ ನಿಂತು ಗಂಟೆ ಹೊಡೆಯುತ್ತಿದ್ದವರು ಗಂಟೆ ತಾತ. ಬಂಡೆ ಕೊರೆಯುತ್ತಿದ್ದವರು ಡ್ರಿಲ್ ತಾತ. ಆ ಮಿಶಿನ್ನು ಅವರ ಕಿವಿಯನ್ನೂ ತಿಂದುಹಾಕಿತ್ತು, ಪಕ್ಕದಲ್ಲಿ ಪಟಾಕಿ ಹೊಡೆದರೂ ಕೇಳಿಸುತ್ತಿರಲಿಲ್ಲ.

ನನ್ನ ಮಗಳು ಬಂಗಾರಪೇಟೆಯಲ್ಲಿ ರೈಲು ಹಿಡಿದು ದಿನಾ ಬೆಂಗಳೂರಿಗೆ ದುಡಿಯಲು ಹೋಗುವವಳು. ಅವಳ ಮಗಳು ಚಿಕ್ಕಂದಿನಿಂದ ನನ್ನ ಸೆರಗು ಹಿಡಿದೇ ಕೆ.ಜಿ.ಎಫ್‌ಗೆ ಬಂದು ಸ್ಕೂಲಿಗೆ ಹೋಗುತ್ತಿದ್ದಳು. ಆ ಸ್ಕೂಲಿನಲ್ಲಿ ಹಳೆಯದೊಂದು ಪಿಯಾನೋ ಇತ್ತು, ಕಲಿಸುವವರಿದ್ದರು. ಮನೆಯಲ್ಲಿ ಪಿಯಾನೋ ಎಲ್ಲಿಂದ ಬರಬೇಕು? ಸಾಯಂಕಾಲ ನನ್ನ ಕೆಲಸ ಮುಗಿಯುವವರೆಗೆ ವಾರ್ಡಿನ ಊಟದ ಮೇಜಿನ ಮೇಲೆ ಬೆರಳು ಆಡಿಸುತ್ತ ಕೂರುತ್ತಿದ್ದಳು. ಮೇಜಿನ ಆ ತುದಿಯಲ್ಲಿ ಡ್ರಿಲ್ ತಾತ ಅಂಗೈ ಊರಿಕೊಂಡು ಕೂರುತ್ತಿದ್ದರು. ಕೈಯಲ್ಲೇ ಕೇಳುತ್ತಿದ್ದರು. "ಇವತ್ತು ಎಡಗೈ ಒಸಿ ಜೋರಾಯ್ತು ಪಾಪಾ," ಅನ್ನುತ್ತಿದ್ದರು. ಅದು ಸರಿಯಾಗೇ ಇರುತ್ತಿತ್ತು ಅಂತ ಅವಳು ಹೇಳುತ್ತಿದ್ದಳು. ದೊಡ್ಡವಳಾದ ಮೇಲೆ ಶನಿವಾರ ಶನಿವಾರ ರೈಲಿನಲ್ಲಿ ಬೆಂಗಳೂರಿಗೆ ಹೋಗಿ ಒಬ್ಬ ಮಿಸ್ ಹತ್ತಿರ ಕಲಿತಳು. ಈಗ ಅವಳು ನುಡಿಸಲು ಕೂತರೆ ನೋಡಬೇಕು ನೀವು. ಅಜ್ಜಿ ಹೇಳುತ್ತಾಳೆ ಅಂತ ಬಿಡಬೇಡಿ.

ದೂರದ ಊರಿನಲ್ಲಿ ಒಂದು ದೊಡ್ಡ ಸಂಗೀತ ಶಾಲೆ ಇದೆ. ಸೀಟು ಕೊಟ್ಟರೆ ಊಟ, ವಸತಿ, ಕಲಿಕೆ ಎಲ್ಲ ಅವರದೇ. ಆದರೆ ಜನರ ಮುಂದೆ, ನಿಜವಾದ ಪಿಯಾನೋದಲ್ಲಿ ನುಡಿಸಿದ ಕಚೇರಿಯನ್ನು ಎಲ್ಲೂ ಕತ್ತರಿಸದೆ ರೆಕಾರ್ಡ್ ಮಾಡಿ ಕಳಿಸಬೇಕು. ಇವಳಿಗೆ ಅದೇ ಕೊನೆಯ ವರ್ಷ, ಮುಂದಿನ ಸಲಕ್ಕೆ ವಯಸ್ಸು ಮೀರುತ್ತದೆ. ಮಿಸ್ ಓಡಾಡಿ, ಕೆ.ಜಿ.ಎಫ್‌ನಲ್ಲೇ ಇಂಗ್ಲಿಷರ ಕಾಲದ ಒಂದು ಕ್ಲಬ್ಬಿನ ಹಾಲನ್ನು ಒಂದು ದಿನದ ಮಟ್ಟಿಗೆ ಕೇಳಿ ಗೊತ್ತು ಮಾಡಿದರು. ಅಲ್ಲಿನ ದೊಡ್ಡ ಪಿಯಾನೋಗೆ ಸ್ವರ ಕೂರಿಸುವವರು ಬೆಂಗಳೂರಿನಿಂದ ಬಂದು, ತುಕ್ಕು ಹಿಡಿದ ತಂತಿ ಬಿಗಿದು ಬಿಗಿದು ಸುಸ್ತಾಗಿ, "ಇದು ಹೆಚ್ಚು ದಿನ ನಿಲ್ಲಲ್ಲ, ಬೇಗ ನುಡಿಸ್ಕೊಳ್ಳಿ," ಅಂದು ಹೋದರು.

ಆಗ ಇವಳು ಒಂದು ಹಠ ಹಿಡಿದಳು.

"ಅಜ್ಜಿ, ನಮ್ಮ ವಾರ್ಡ್ ತಾತಂದಿರು ಬರ್ಬೇಕು."

"ಅವ್ರು ಕೆಮ್ತಾರೆ ಕಣಮ್ಮಿ."

"ಕೆಮ್ಲಿ."

"ಕೆಮ್ಲಿ ಅಂತ ನೀನಂತೀಯ. ರೆಕಾರ್ಡ್ ಮಾಡೋರು ಅಂತಾರಾ?"

ನನ್ನ ಮಾತು ಕೇಳದೆ ವಾರ್ಡಿಗೆ ಬಂದು ಮಂಚದಿಂದ ಮಂಚಕ್ಕೆ ಹೋಗಿ ಕರೆದಳು. ತುಂಬ ಹಿಂದೆ ವಿಲಾಯಿತಿ ಕಡೆಯವರು ಬರೆದ ಸಂಗೀತ, ಪದ ಇರಲ್ಲ, ಆದರೆ ಅಳು, ಸಿಟ್ಟು, ಆಸೆ ಎಲ್ಲ ಇರುತ್ತೆ ಅಂತ ಹೇಳಿದಳು. ಅವರಲ್ಲಿ ಒಬ್ಬ ಎದೆ ಕೆಟ್ಟು ಕೆಮ್ಮಿ ಕೆಮ್ಮಿ ಸಣ್ಣ ವಯಸ್ಸಿಗೇ ಹೋದನಂತೆ ಅಂತಲೂ ಹೇಳಿದಳು.

ಟಿಂಬರ್ ತಾತ ಮೂಗಿನ ಆಕ್ಸಿಜನ್ ನಳಿಕೆ ಸರಿಮಾಡಿಕೊಂಡು ಕೇಳಿದರು. "ಪಾಪ. ಯಾವ ಶಾಫ್ಟ್‌ನಾಗಿದ್ದ?"

"ಗಣಿಯವನಲ್ಲ ತಾತ. ಬರೀ ಪಿಯಾನೋ ನುಡಿಸೋನು."

"ಗಣಿಗಿಳೀದೇನೆ ಎದೆ ಕೆಡಿಸ್ಕೊಂಡ್ನಾ?" ಅಂದರು ಗಂಟೆ ತಾತ. "ದಂಡ."

ಕಚೇರಿಗೆ ಹಿಂದಿನ ವಾರ, ಕ್ಲಬ್ಬಿನವರನ್ನು ಇನ್ನೊಂದು ಗಳಿಗೆ ಕೇಳಿಕೊಂಡು, ತಾತಂದಿರನ್ನೂ ಕೂರಿಸಿ ಒಂದು ಸಲ ಹಾಲಿನಲ್ಲಿ ಪರೀಕ್ಷೆ ಮಾಡಿ ನೋಡಿದೆವು. ಅಲ್ಲಿಗೆ ಎಲ್ಲ ಕೆಟ್ಟಿತು. ಇವಳು ನುಡಿಸಲು ಶುರು ಮಾಡಿದಳೋ ಇಲ್ಲವೋ ಗಂಟೆ ತಾತನಿಗೆ ಕೆಮ್ಮು ಹತ್ತಿಕೊಂಡಿತು. ಒಬ್ಬರಿಗೆ ಹತ್ತಿದರೆ ಇನ್ನೊಬ್ಬರಿಗೂ ಹತ್ತುತ್ತದೆ, ಅದು ವಾರ್ಡಿನ ಗುಣ. ರೆಕಾರ್ಡಿಂಗ್ ಮಾಡುವವರು ಎದ್ದು ಬಂದರು. ಕೋಪ ಮಾಡಲಿಲ್ಲ. "ಅಮ್ಮಾ, ನೀವೇ ಒಂದ್ಸಲ ಕೇಳಿ," ಅಂತ ತಮ್ಮ ಹೆಡ್‌ಫೋನನ್ನು ನನ್ನ ಕಿವಿಗೆ ಇಟ್ಟರು.

ದಿನಾ ಕೇಳುವ ಕೆಮ್ಮೇ ಅದು. ಆದರೆ ಅದರೊಳಗೆ ಅಷ್ಟು ಕಲ್ಲು ಇದೆ ಅಂತ ನನಗೆ ಅವತ್ತೇ ಗೊತ್ತಾದದ್ದು. ನನ್ನ ತಲೆಯೊಳಗೇ ಯಾರೋ ಬಂಡೆ ಎಳೆಯುತ್ತಿದ್ದ ಹಾಗಿತ್ತು. ಪಿಯಾನೋ ಎಲ್ಲೋ ಹಿಂದೆ, ಸಣ್ಣಗೆ. ಆಕ್ಸಿಜನ್ ಸಿಲಿಂಡರಿಗೆ ಕಟ್ಟಿದ ನೀರಿನ ಬಾಟಲಿ ಬುಳುಬುಳು ಅನ್ನುವುದು ಕೂಡ ಕೇಳುತ್ತಿತ್ತು.

ಮಿಸ್ ಖಂಡಿತವಾಗಿ ಹೇಳಿದರು. ಅವರು ಬರುವುದಾದರೆ ಹೊರಗೆ ವರಾಂಡದಲ್ಲಿ, ಬಾಗಿಲು ಹಾಕಿ. ಇವಳು ಪಿಯಾನೋ ಮುಚ್ಚಳ ಹಾಕಿ ಎದ್ದುಬಿಟ್ಟಳು. "ಅವರು ಹೊರಗಾದ್ರೆ ನಾನೂ ಹೊರಗೇ ಮಿಸ್."

"ನಿನ್ನ ಜೀವನ ಕಣೇ ಇದು," ಅಂದರು ಮಿಸ್. ಅವರ ಕಣ್ಣಲ್ಲಿ ನೀರು ಬಂದಿತ್ತು. ಅವರನ್ನು ತಪ್ಪು ಅನ್ನುವ ಹಾಗಿರಲಿಲ್ಲ. ಆ ಸೀಟಿಗೆ ನಮಗಿಂತ ಹೆಚ್ಚು ಆಸೆಪಟ್ಟವರು ಅವರೇ.

ಮಧ್ಯೆ ಹೋದವಳು ನಾನು. ಕೊನೆಯ ಸಾಲಿನಲ್ಲಿ, ಬಾಗಿಲ ಪಕ್ಕ ಕೂರಿಸುತ್ತೇನೆ, ಯಾರಿಂದ ಸದ್ದು ಬಂತೋ ಅವರನ್ನು ಆ ಕ್ಷಣವೇ ಗಾಲಿಕುರ್ಚಿ ತಳ್ಳಿಕೊಂಡು ಹೊರಗೆ ಕರೆದೊಯ್ಯುತ್ತೇನೆ ಅಂತ ಮಾತು ಕೊಟ್ಟೆ. ಮಿಸ್ ನನ್ನ ಕೈ ಹಿಡಿದುಕೊಂಡು, "ನಿಮ್ಮನ್ನ ನಂಬಿದೀನಿ ಅಮ್ಮ," ಅಂದರು.

ಅಲ್ಲಿಂದ ಕೆಮ್ಮು ತಡೆಯುವ ಕೆಲಸ ಶುರುವಾಯಿತು. ಕೆಮ್ಮನ್ನು ಬಲವಂತವಾಗಿ ನುಂಗಿದರೆ ಇನ್ನೂ ಜೋರಾಗಿ ಬರುತ್ತದೆ, ಅದು ಏಳದ ಹಾಗೆ ಮಾಡಬೇಕು. ಸಿಸ್ಟರ್ ದಾರಿ ಹೇಳಿಕೊಟ್ಟರು. ಮೂಗಿನಿಂದ ಎಳೆದು, ಸೀಟಿ ಹೊಡೆಯುವವರ ಹಾಗೆ ತುಟಿ ಕಿರಿದು ಮಾಡಿ ನಿಧಾನಕ್ಕೆ ಊದಬೇಕು. ಗಂಟಲು ಒಣಗಬಾರದು, ನಡುನಡುವೆ ಬೆಚ್ಚಗಿನ ಜೀರಿಗೆ ನೀರು ಒಂದೇ ಗುಟುಕು. ಬಾಯಲ್ಲಿ ಕಲ್ಲುಸಕ್ಕರೆ. ಆಕ್ಸಿಜನ್ ಕಡಿಮೆ ಬಿಟ್ಟಿರುವುದರಿಂದ ಆ ಹೊತ್ತಿನ ಮಟ್ಟಿಗೆ ಬಾಟಲಿಯ ನೀರು ಚೆಲ್ಲಿದರೂ ನಡೆಯುತ್ತದೆ, ಬುಳುಬುಳು ನಿಲ್ಲುತ್ತದೆ ಅಂದರು. ದಿನಾ ಮಧ್ಯಾಹ್ನ ಎಲ್ಲರನ್ನೂ ಸಾಲಾಗಿ ಕೂರಿಸಿ ಅಭ್ಯಾಸ ಮಾಡಿಸಿದೆ. ಕೆಮ್ಮಿದವರಿಗೆ ಸಾಯಂಕಾಲದ ಬೋಂಡಾ ಇಲ್ಲ ಅಂತ ಕರಾರು.

"ನಾನ್ ಕೆಮ್ಮಲಿಲ್ಲಮ್ಮ, ಮೂಗ್ನಲ್ಲಿ ಒಂಚೂರು ಬಂತು," ಅನ್ನುತ್ತಿದ್ದರು ಗಂಟೆ ತಾತ.

"ಮೂಗ್ನಲ್ಲಿ ಬಂದ್ರೂ ಅದು ಕೆಮ್ಮೇ ಕಣಣ್ಣ."

"ಕಂಪ್ನಿಯೋರ್‌ಗಿಂತ ನೀನೇ ಕಟ್ಟುನಿಟ್ಟು ತಾಯಿ."

ಅಷ್ಟರಲ್ಲಿ ಡ್ರಿಲ್ ತಾತ ಹೋದರು. ಒಂದು ಬೆಳಿಗ್ಗೆ ತುಟಿ, ಉಗುರು ನೀಲಿ ತಿರುಗಿದವು. ಕೋಲಾರದ ಆಸ್ಪತ್ರೆಗೆ ಸಾಗಿಸಿದರು, ತಿರುಗಿ ಬರಲಿಲ್ಲ. ನಾನು ಅವರ ಹಾಸಿಗೆ ಬಿಸಿಲಿಗೆ ಹಾಕಿ, ಮಂಚಕ್ಕೆ ಫಿನಾಯಿಲ್ ಒರೆಸಿದೆ. ಎಷ್ಟು ಜನರ ಮಂಚ ಹೀಗೆ ಒರೆಸಿದ್ದೇನೋ, ಕೈ ತಾನೇ ಮಾಡುತ್ತದೆ. ಆ ಸಾಯಂಕಾಲ ಮೊಮ್ಮಗಳು ಊಟದ ಮೇಜಿಗೆ ಕೂತಳು, ಬೆರಳು ಆಡಿಸಲಿಲ್ಲ.

"ಓಗೋದೇ ಬ್ಯಾಡ ಬಿಡಮ್ಮ," ಅಂದರು ಟಿಂಬರ್ ತಾತ. "ಕೇಳೋ ಆಸೆ ಇದ್ದೋನು ಅವ್ನು. ಅವ್ನೇ ಇಲ್ಲ."

ಮಾರನೆಯ ದಿನ ಅಭ್ಯಾಸದ ಹೊತ್ತಿಗೆ ಅವರೇ ಎಲ್ಲರಿಗಿಂತ ಮೊದಲು ಬಂದು ಕೂತಿದ್ದರು. ತುಟಿ ಕಿರಿದು ಮಾಡಿಕೊಂಡು ಊದುತ್ತಿದ್ದರು.

ಕಚೇರಿಯ ದಿನ ಗಾಳಿ ಎದ್ದಿತು. ನಮ್ಮ ಕಡೆಯವರಿಗೆ ಹೇಳಬೇಕಾಗಿಲ್ಲ. ಚಿನ್ನ ತೆಗೆದು ಬಿಸಾಕಿದ ಮಣ್ಣಿನ ಗುಡ್ಡಗಳು, ಸೈನೈಡ್ ಗುಡ್ಡ ಅನ್ನುತ್ತೇವೆ, ಗಾಳಿ ಬಂದರೆ ಅಲ್ಲಿಂದ ಬೆಳ್ಳಗೆ ಧೂಳು ಏಳುತ್ತದೆ. ಪಾತ್ರೆ, ಬಟ್ಟೆ, ಅನ್ನದ ಮೇಲೆಲ್ಲ ಕೂರುತ್ತದೆ. ಕೆಮ್ಮುವವರಿಗೆ ಅದಕ್ಕಿಂತ ಕೆಟ್ಟ ದಿನ ಇಲ್ಲ. ಮನಸ್ಸು ಕುಸಿಯಿತು. ಆದರೂ ಕೈ ನಿಲ್ಲಿಸಲಿಲ್ಲ. ಬೆಳಿಗ್ಗೆಯೇ ಒಬ್ಬೊಬ್ಬರಿಗೂ ಹಬೆ ಕೊಟ್ಟು, ಎರಡೂ ಪಕ್ಕೆ ತಟ್ಟಿ, ಕಫ ಪೂರ್ತಿ ಬರುವವರೆಗೆ ಬಿಡಲಿಲ್ಲ. ಹಾಸಿಗೆಯ ಹಳೆಯ ದುಪ್ಪಟಿಗಳನ್ನು ನೆನೆಸಿ ಹಿಂಡಿ ಕೊಂಡುಹೋಗಿ, ಗಾಳಿ ಬರುವ ಕಡೆಯ ಕಿಟಕಿಗಳಿಗೆಲ್ಲ ಸಿಸ್ಟರ್ ಜೊತೆ ಕಟ್ಟಿದೆ. ಮಿಸ್ಸೂ ಕುರ್ಚಿ ಹತ್ತಿ ಒಂದು ಕಟ್ಟಿದರು. ತಾತಂದಿರನ್ನು ಆಂಬುಲೆನ್ಸಿನಲ್ಲಿ ಮುಖಕ್ಕೆ ಒದ್ದೆ ಟವಲು ಹಿಡಿಸಿ ಕರೆತಂದೆವು. ಹಾಲಿನ ಮೆಟ್ಟಿಲಿಗೆ ಹಲಗೆ ಹಾಕಿ ಗಾಲಿಕುರ್ಚಿ ಹತ್ತಿಸಿದೆವು.

ಕೊನೆಯ ಸಾಲಿನಲ್ಲಿ ಬಾಗಿಲ ಕಡೆಗೆ ಗಾಲಿಕುರ್ಚಿಯಲ್ಲಿ ಟಿಂಬರ್ ತಾತ, ಅವರ ಪಕ್ಕ ಸಿಲಿಂಡರಿನ ತಳ್ಳುಗಾಡಿ, ಆಮೇಲೆ ಗಂಟೆ ತಾತ, ವಾರ್ಡಿನ ಇನ್ನಿಬ್ಬರು. ನಾನು ಟಿಂಬರ್ ತಾತನ ಹಿಂದೆ, ಕುರ್ಚಿಯ ಹಿಡಿಯ ಮೇಲೆ ಕೈ ಇಟ್ಟುಕೊಂಡು ನಿಂತೆ. ನಮ್ಮೂರಿನಿಂದ ಬಂದಿದ್ದ ನನ್ನ ನಾದಿನಿ ನಮಗೆ ಮುಂದಿನ ಸಾಲಿನಲ್ಲೇ ಕೂತಳು. ಸ್ಕೂಲಿನ ಮಕ್ಕಳು, ಟೀಚರುಗಳು, ರಾಬರ್ಟ್‌ಸನ್‌ಪೇಟೆಯ ಅಂಗಡಿಯವರು ಕೆಲವರು, ಗಣಿಯಲ್ಲಿ ದುಡಿದು ಇನ್ನೂ ಓಡಾಡಿಕೊಂಡಿರುವ ಕೆಲವು ಹಿರಿಯರು. ಹಾಲು ತುಂಬಿತ್ತು.

ಅವಳು ಬಂದಳು. ನೀಲಿ ಲಂಗ, ಬಿಳಿ ರವಿಕೆ, ಅವರಮ್ಮ ಹೊಲಿಸಿದ್ದು. ಬಗ್ಗಿ ನಮಸ್ಕಾರ ಮಾಡಿ ಕೂತಳು. ನಾನೂ ಒಂದು ಚೂರು ಕಲ್ಲುಸಕ್ಕರೆ ಬಾಯಿಗೆ ಹಾಕಿಕೊಂಡೆ. ಆ ಹಾಲಿನಲ್ಲಿ ಕೆಮ್ಮುವ ಭಯ ಎಲ್ಲರಿಗಿಂತ ಹೆಚ್ಚು ಇದ್ದದ್ದು ಆಗ ನನಗೇ.

ಮೊದಲನೆಯದು ಬಿರುಸಿನದು. ಕೈ ಕಾಣುತ್ತಿರಲಿಲ್ಲ. ಗುಡುಗಿನ ಹಾಗೆ ಎಡಗಡೆಯಿಂದ ಎದ್ದು ಬಲಗಡೆಗೆ ಹೋಗಿ ಒಡೆಯುತ್ತಿತ್ತು. ಮಕ್ಕಳು ಬಾಯಿ ಬಿಟ್ಟುಕೊಂಡು ಕೂತರು. ಅಂಗಡಿಯವರೊಬ್ಬರು ನಡುವೆಯೇ ಚಪ್ಪಾಳೆ ತಟ್ಟಿ, ಯಾರೂ ತಟ್ಟದ್ದು ನೋಡಿ ಕೈಯನ್ನು ತೊಡೆ ಕೆಳಗೆ ಇಟ್ಟುಕೊಂಡರು. ಗಂಟೆ ತಾತ ತಲೆ ಅಲ್ಲಾಡಿಸಿ, ತುಟಿಯಲ್ಲೇ, "ಕಲ್ ಗಾಡಿ ಉರುಳ್ದಂಗೈತೆ," ಅಂದರು.

ಎರಡನೆಯದು ಮೆಲ್ಲಗಿನದು. ತೊಟ್ಟಿಲು ತೂಗಿದ ಹಾಗೆ ಎಡಗೈ, ಅದರ ಮೇಲೆ ಬಲಗೈ ಯಾರನ್ನೋ ಕರೆದ ಹಾಗೆ. ನಾದಿನಿ ಹಿಂದಕ್ಕೆ ಬಾಗಿ ನನ್ನನ್ನು ಕೇಳಿದಳು. "ಇದಕ್ ಪದ ಇಲ್ವೇನತ್ಗೆ? ಬರೀ ರಾಗಾನೇಯಾ?"

"ಸುಮ್ಕಿರು. ಪದ ನೀನೇ ಆಕ್ಕೋ."

ಸ್ವಲ್ಪ ಹೊತ್ತು ಬಿಟ್ಟು ನೋಡಿದರೆ ಸೆರಗಿನಲ್ಲಿ ಕಣ್ಣು ಒತ್ತಿಕೊಳ್ಳುತ್ತಿದ್ದಳು. ಯಾವ ಪದ ಹಾಕಿಕೊಂಡಳೋ ನಾನು ಇವತ್ತಿಗೂ ಕೇಳಿಲ್ಲ. ವಾರ್ಡಿನ ಇನ್ನಿಬ್ಬರಲ್ಲಿ ಒಬ್ಬರು ನಿದ್ದೆ ಹೋಗಿದ್ದರು, ಮುಖ ಬಿಚ್ಚಿಕೊಂಡಿತ್ತು. ರಾತ್ರಿ ಮಲಗಿದರೆ ಉಸಿರು ಕಟ್ಟುತ್ತದೆ ಅಂತ ಕೂತೇ ಬೆಳಗು ಮಾಡುವ ಮನುಷ್ಯ. ಎಬ್ಬಿಸಲಿಲ್ಲ.

ಯಾರೂ ಕೆಮ್ಮಲಿಲ್ಲ. ಹೊರಗೆ ಗಾಳಿ ಹೊಡೆಯುತ್ತಿದೆ, ಒದ್ದೆ ದುಪ್ಪಟಿಗಳು ಬೆಳ್ಳಗಾಗುತ್ತಿವೆ, ಒಳಗೆ ಒಂದು ಕೆಮ್ಮಿಲ್ಲ. ರೆಕಾರ್ಡಿಂಗ್‌ನವರು ನನ್ನ ಕಡೆ ತಿರುಗಿ ಹೆಬ್ಬೆರಳು ಎತ್ತಿ ತೋರಿಸಿದರು. ಗೆದ್ದೆವು ಅಂದುಕೊಂಡೆ.

ಮೂರನೆಯದು ಶುರುವಾಯಿತು. ಅದರಲ್ಲಿ ರಾಗ ಎಷ್ಟೇ ಅತ್ತಿತ್ತ ಹೋಗಲಿ, ಒಂದು ಸ್ವರ ಮಾತ್ರ ನಡುವೆ ಒಂದೇ ಸಮ ಬಡಿಯುತ್ತಿರುತ್ತದೆ. ಟಕ್, ಟಕ್, ಟಕ್. ಮೆತ್ತಗೆ. ಇವಳು ಮೇಜಿನ ಮೇಲೆ ಅಭ್ಯಾಸ ಮಾಡುವಾಗ ಆ ಬೆರಳು ಬಿಡದೆ ಬಡಿಯುವುದನ್ನು ನೋಡಿದ್ದೆ. ಆದರೆ ಮೇಜಿಗೆ ದನಿ ಇರಲಿಲ್ಲ. ಈಗ ಇತ್ತು.

ಟಿಂಬರ್ ತಾತ ತಲೆ ಎತ್ತಿದರು. ಕತ್ತು ಒಂದು ಕಡೆಗೆ ವಾಲಿಸಿ ಕಿವಿ ಕೊಟ್ಟರು. ಒಂದು ಕೈ ಮೇಲೆ ಎತ್ತಿ, ಎಲ್ಲರೂ ಸುಮ್ಮನಿರಿ ಅನ್ನುವ ಹಾಗೆ ಹಿಡಿದರು.

"ಸದ್ ಮಾಡ್ಬೇಡ್ರಿ," ಅಂದರು. ಪಿಸುಮಾತೇನಲ್ಲ, ಕೆಲಸದ ಜಾಗದಲ್ಲಿ ಹೇಳುವ ದನಿ. "ತಟ್ತಾ ಅವ್ನೆ."

ನಾನು ಅವರ ಭುಜ ಹಿಡಿಯುವಷ್ಟರಲ್ಲಿ, ತಳ್ಳುಗಾಡಿಯ ಮೇಲಿದ್ದ ಸಿಲಿಂಡರಿನ ಬಾಯಿ ತಿರುಗಿಸುವ ಕಬ್ಬಿಣದ ಕೀಲಿ ಅವರ ಕೈಗೆ ಹೋಗಿತ್ತು. ಗಾಡಿಯ ಕೊಳವೆಯ ಮೇಲೆ ಹೊಡೆದರು. ಟಣ್. ಸ್ವಲ್ಪ ಬಿಟ್ಟು ಮತ್ತೆ, ಟಣ್.

ಇಡೀ ಹಾಲು ತಿರುಗಿತು.

ಅದು ಏನು ಅಂತ ನನಗೆ ಗೊತ್ತಿತ್ತು. ವಾರ್ಡಿನಲ್ಲಿ ಎಷ್ಟೋ ಸಲ ಕೇಳಿದ್ದೇನೆ. ಆಳದಲ್ಲಿ ಬಂಡೆ ಸಿಡಿದು ದಾರಿ ಮುಚ್ಚಿದರೆ, ಈಚೆ ಉಳಿದವರು ಎಲ್ಲ ಮಿಶಿನ್ನು ನಿಲ್ಲಿಸಿ, ಉಸಿರು ಬಿಗಿಹಿಡಿದು, ಗಾಳಿ ಬರುವ ಕೊಳವೆಯ ಮೇಲೆ ಕಬ್ಬಿಣದಲ್ಲಿ ತಟ್ಟುತ್ತಾರೆ. ಆಚೆ ಯಾರಾದರೂ ಬದುಕಿದ್ದರೆ ತಿರುಗಿ ತಟ್ಟುತ್ತಾರೆ. ಆಚೆಯಿಂದ ಸದ್ದು ಬರುತ್ತಿರುವವರೆಗೆ ಈಚೆಯವರು ಉತ್ತರ ಕೊಡುವುದನ್ನು ನಿಲ್ಲಿಸಬಾರದು. ನಿಲ್ಲಿಸಿದರೆ, ನಮ್ಮನ್ನು ಬಿಟ್ಟುಹೋದರು ಅಂತ ಒಳಗಿನವನು ಕೈ ಚೆಲ್ಲುತ್ತಾನೆ. ಯಾವ ಶಾಫ್ಟಿನವರೇ ಇರಲಿ, ಅದು ಎಲ್ಲರ ಕಟ್ಟಳೆ.

ಮಿಸ್ ಮೊದಲ ಸಾಲಿನಿಂದ ಎದ್ದು ನನ್ನನ್ನೇ ನೋಡುತ್ತಿದ್ದರು. ಬೈಯುವ ಮುಖವಲ್ಲ. ಬೇಡಿಕೊಳ್ಳುವ ಮುಖ. ಕೊಟ್ಟ ಮಾತು ನನ್ನದು. ಬಾಗಿ ಗಾಲಿಯ ಬ್ರೇಕು ಬಿಡಿಸಿದೆ. ಬಾಗಿಲು ಪಕ್ಕದಲ್ಲೇ ಇತ್ತು, ಸುಮ್ಮನೆ ಹಿಂದಕ್ಕೆ ಎಳೆದರೆ ಸಾಕಿತ್ತು. ಕಚೇರಿ ಉಳಿಯುತ್ತಿತ್ತು. ಎರಡು ಟಣ್ ಸದ್ದಿಗೆ ಯಾರೂ ಸೀಟು ತಪ್ಪಿಸುವುದಿಲ್ಲ.

ಗಂಟೆ ತಾತ ನನ್ನ ಕೈ ಹಿಡಿದರು. ಅವರ ಬೆರಳು ತಣ್ಣಗಿತ್ತು.

"ಎಳ್ಕೊಂಡು ಓಗ್ಬೇಡಮ್ಮ. ಅವತ್ತೂ ಇಂಗೇ ಎಳ್ಕೊಂಡೋದ್ರು."

"ಏನಣ್ಣ?"

"ಅವನ್ ಜೊತೆಗಾರ ಆಚೆ ಸಿಕ್ಕಾಕ್ಕೊಂಡಿದ್ದ. ಇವ್ನು ತಟ್ತಾ ಇದ್ದ. ಶಿಫ್ಟ್ ಮುಗೀತು ಅಂತ ಬಲವಂತವಾಗಿ ಪಂಜರಕ್ ತುಂಬಿ ಮೇಲಕ್ ಕಳ್ಸಿದ್ರು. ಗಂಟೆ ಒಡ್ದೋನು ನಾನೇ. ತಿರ್ಗಾ ಇಳಿಯೋ ಒತ್ಗೆ ಆಚೆ ಸದ್ದಿಲ್ಲ."

ಅಷ್ಟು ಮಾತಿಗೆ ಅವರಿಗೆ ಉಸಿರು ಸಾಲದಾಯಿತು. ತುಟಿ ಕಿರಿದು ಮಾಡಿಕೊಂಡು ಊದತೊಡಗಿದರು.

ನಾನು ಮೊಮ್ಮಗಳ ಕಡೆ ನೋಡಿದೆ. ಅವಳ ಬೆನ್ನು ಕಾಣುತ್ತಿತ್ತು. ಮೊದಲ ಸದ್ದಿಗೆ ಭುಜ ಒಂದು ಸಲ ಎದ್ದಿತ್ತು, ಕೈ ನಿಂತಿರಲಿಲ್ಲ. ಈ ಕೊನೆಯ ವರ್ಷ, ಎಷ್ಟು ಶನಿವಾರದ ರೈಲು, ಎಲ್ಲ ನನ್ನ ಕೈಯಲ್ಲಿದ್ದ ಆ ಹಿಡಿಯ ಮೇಲೆ ಕೂತಿತ್ತು. ಇನ್ನೊಂದು ಕಡೆ ಈ ಮನುಷ್ಯನ ಬೆನ್ನು. ದಿನಾ ತಟ್ಟುವ ಬೆನ್ನು, ಎಲ್ಲಿ ಮೂಳೆ, ಎಲ್ಲಿ ಮಾಂಸ ನನಗೆ ಗೊತ್ತು. ಅದು ಈಗ ನೆಟ್ಟಗಾಗಿತ್ತು. ಅವರು ಅಷ್ಟು ನೆಟ್ಟಗೆ ಕೂತದ್ದನ್ನು ನಾನು ನೋಡಿರಲಿಲ್ಲ.

ಬ್ರೇಕು ತಿರುಗಿ ಹಾಕಿದೆ.

ಮಿಸ್ ಮುಖ ಮುಚ್ಚಿಕೊಂಡು ಕೂತರು. ಅದನ್ನು ನೋಡಿದ್ದು ನನಗೆ ಇವತ್ತಿಗೂ ಸಂಕಟ.

ಆ ಸಂಗೀತ ನಡುವೆ ಕಪ್ಪಾಗುತ್ತದೆ. ಅದೇ ಸ್ವರ, ಮೆತ್ತಗೆ ಬಡಿಯುತ್ತಿದ್ದದ್ದು ಈಗ ಸುತ್ತಿಗೆಯಾಗುತ್ತದೆ, ಕೆಳಗಿನಿಂದ ಇನ್ನೇನೋ ಭಾರವಾದದ್ದು ಏರುತ್ತ ಬರುತ್ತದೆ. ಟಿಂಬರ್ ತಾತನ ಕೈಯೂ ಜೋರಾಯಿತು. ಟಣ್, ಟಣ್. ಸಿಸ್ಟರ್ ಬಂದು ಸುಮ್ಮನೆ ಆಕ್ಸಿಜನ್ ಸ್ವಲ್ಪ ಹೆಚ್ಚು ಮಾಡಿದರು, ಕೀಲಿ ಕಿತ್ತುಕೊಳ್ಳಲಿಲ್ಲ. ಮಧ್ಯದ ಸಾಲಿನಲ್ಲಿ ಕೂತಿದ್ದ ಗಣಿಯ ಹಿರಿಯರೊಬ್ಬರು ಟೋಪಿ ತೆಗೆದು ಎದ್ದು ನಿಂತರು. ಅವರ ಹಿಂದೆ ಇನ್ನೊಬ್ಬರು ನಿಂತರು. ಯಾರೂ ಅವರಿಗೆ ಕೂರಿ ಅನ್ನಲಿಲ್ಲ. ಮಕ್ಕಳಿಗೆ ಏನೂ ತಿಳಿಯದೆ ಟೀಚರ ಕೈ ಹಿಡಿದುಕೊಂಡರು. ಅಂಗಡಿಯವರೊಬ್ಬರು ಎದ್ದು ಹೊರಟೇಹೋದರು. ಅವರ ಅಪ್ಪನೂ ಆ ಕೆಳಗೇ ಉಳಿದವರಂತೆ, ಆಮೇಲೆ ಗೊತ್ತಾಯಿತು.

ಆಮೇಲೆ ಅದು ಮತ್ತೆ ಮೆತ್ತಗಾಯಿತು. ಸ್ವರದಿಂದ ಸ್ವರಕ್ಕೆ ದೂರ ಜಾಸ್ತಿಯಾಗುತ್ತ ಬಂತು. ಒಂದು ಸಲ, ಇನ್ನೊಂದು ಸಲ. ನಿಂತಿತು.

ಟಿಂಬರ್ ತಾತ ಕೀಲಿ ಎತ್ತಿಕೊಂಡೇ ಕಾದರು. ಒಮ್ಮೆ ಹೊಡೆದರು. ಕಿವಿ ಕೊಟ್ಟರು. ಏನೂ ಇಲ್ಲ. ಅವರ ಮುಖ ಬರೆಯಲು ನನಗೆ ಬರುವುದಿಲ್ಲ. ಎಷ್ಟೋ ಜನರ ಕೊನೆ ಉಸಿರು ಹತ್ತಿರದಿಂದ ನೋಡಿದ್ದೇನೆ, ಅದಕ್ಕಿಂತ ಕೆಟ್ಟದು ಅದು.

"ನಿಂತೋಯ್ತು," ಅಂದರು.

ಅವಳು ಕೇಳಿಸಿಕೊಂಡಳು. ಕೈ ಎರಡೂ ತೊಡೆಯ ಮೇಲಿದ್ದವು. ಮುಂದಿನದು ಶುರು ಮಾಡಬೇಕಿತ್ತು, ಕಚೇರಿಯಲ್ಲಿ ಇನ್ನೂ ದೊಡ್ಡದು ಬಾಕಿ ಇತ್ತು, ಅದಕ್ಕೇ ಹೆಚ್ಚು ಅಂಕ ಅಂತ ಮಿಸ್ ಹೇಳಿದ್ದರು. ಅವಳು ಒಂದು ಕೈ ಎತ್ತಿ, ಒಂದೇ ಬೆರಳನ್ನು ಅದೇ ಸ್ವರದ ಮನೆಯ ಮೇಲೆ ಇಟ್ಟು ಒತ್ತಿದಳು. ಟಕ್.

ಟಣ್, ಅಂದರು ತಾತ.

ಟಕ್.

ಟಣ್.

ಸೀಟು ಹೋದದ್ದು ಅಲ್ಲೇ. ಅದು ಮಿಸ್‌ಗೆ ಗೊತ್ತಾಯಿತು, ರೆಕಾರ್ಡಿಂಗ್‌ನವರಿಗೆ ಗೊತ್ತಾಯಿತು, ಅವಳಿಗೆ ಅವರಿಬ್ಬರಿಗಿಂತ ಮೊದಲೇ ಗೊತ್ತಿತ್ತು. ಒಂದೇ ಸ್ವರ ಒತ್ತುತ್ತ ಕೂತ ಹುಡುಗಿಗೆ ಯಾವ ಶಾಲೆ ಸೀಟು ಕೊಡುತ್ತದೆ? ಆದರೆ ಅವಳು ನಿಲ್ಲಿಸಲಿಲ್ಲ. ತಿರುಗಿಯೂ ನೋಡಲಿಲ್ಲ. ತಾತ ಹೊಡೆಯುವವರೆಗೆ ಕಾಯುವುದು, ಆಮೇಲೆ ಒತ್ತುವುದು. ಅವರಿಗೆ ಉಸಿರು ಸಾಲದೆ ತಡವಾದರೆ ಅವಳೂ ತಡ ಮಾಡುತ್ತಿದ್ದಳು. ನಾನು ಅವಳ ಆ ಬೆರಳನ್ನೇ ನೋಡುತ್ತ ನಿಂತಿದ್ದೆ. ಆ ಬೆರಳಿಗೆ ಚಿಕ್ಕಂದಿನಲ್ಲಿ ಉಗುರು ಕತ್ತರಿಸಿದವಳು ನಾನು ಅಂತ ಎಲ್ಲರಿಗೂ ಕೂಗಿ ಹೇಳಬೇಕು ಅನ್ನಿಸಿತು.

ಎಷ್ಟು ಹೊತ್ತು ನಡೆಯಿತೋ. ತಾತನ ಹೊಡೆತ ನಿಧಾನವಾಯಿತು, ಕೊಳವೆಗೆ ಕೀಲಿ ಬರೀ ಮುಟ್ಟಿದ ಹಾಗಾಯಿತು. ಆಗ ಅವರು ಕೀಲಿಯನ್ನು ತೊಡೆಯ ಮೇಲೆ ಇಟ್ಟುಕೊಂಡು, ಪಿಯಾನೋ ಕಡೆಗೆ ನೋಡಿ, ಎಲ್ಲರಿಗೂ ಕೇಳಿಸುವ ಹಾಗೆ ಹೇಳಿದರು.

"ಸಾಕು ಪಾಪಾ. ನಿನ್ ಶಿಫ್ಟ್ ಮುಗೀತು. ನೀ ಮೇಲಕ್ಕೋಗು. ನಾನಿರ್ತೀನಿ ಇಲ್ಲಿ."

ಅವಳು ಬೆರಳು ಎತ್ತಿದಳು. "ಸರಿ ತಾತ," ಅಂದಳು. ಎದ್ದು ನಮ್ಮ ಕಡೆ ತಿರುಗಿ ನಿಂತಳು.

ಯಾರೂ ಚಪ್ಪಾಳೆ ತಟ್ಟಲಿಲ್ಲ. ಆ ನಿಶ್ಶಬ್ದದಲ್ಲಿ ಗಂಟೆ ತಾತನಿಗೆ ಇನ್ನು ತಡೆಯಲಾಗಲಿಲ್ಲ. ಅವರು ಕೆಮ್ಮಿದರು. ಅವರ ಹಿಂದೆ ಟಿಂಬರ್ ತಾತ, ವಾರ್ಡಿನ ಇನ್ನಿಬ್ಬರು, ಮಧ್ಯದ ಸಾಲಿನಲ್ಲಿ ನಿಂತಿದ್ದ ಹಿರಿಯರು, ಎಲ್ಲರೂ. ಅಷ್ಟು ಹೊತ್ತು ಹಿಡಿದಿಟ್ಟದ್ದೆಲ್ಲ ಒಟ್ಟಿಗೆ ಬಂತು. ಹಾಲಿನ ಮರದ ನೆಲ ಅದುರಿತು. ನಾನು ಡಬ್ಬ ಹಿಡಿದು ಒಬ್ಬರಿಂದ ಒಬ್ಬರಿಗೆ ಓಡಿದೆ, ಬೆನ್ನು ತಟ್ಟಿದೆ, ನೀರು ಕುಡಿಸಿದೆ. ನಡುವೆ ಒಮ್ಮೆ ತಲೆ ಎತ್ತಿ ನೋಡಿದರೆ ಅವಳು ಹಾಗೇ ನಿಂತಿದ್ದಳು. ಎರಡು ಕೈ ಮುಂದೆ ಕಟ್ಟಿಕೊಂಡು, ತಲೆ ಸ್ವಲ್ಪ ವಾಲಿಸಿ, ಆ ಕೆಮ್ಮನ್ನು ಮೊದಲಿನಿಂದ ಕೊನೆಯವರೆಗೆ ಕೇಳಿದಳು. ಕೊನೆಯ ಕೆಮ್ಮು ನಿಂತು, ಕೊನೆಯವರು ಬಾಯಿ ಒರೆಸಿಕೊಂಡ ಮೇಲೆ, ಸೊಂಟ ಬಗ್ಗಿಸಿ ನಮಸ್ಕಾರ ಮಾಡಿದಳು.